ಬಸ್ಸಿಗೆ ಹದಿನೈದು ವರ್ಷ ಆಯಸ್ಸು, ಒಳಗಿನ ಮೋಡೆಮ್ಮಿಗೆ ಎಷ್ಟು? 2ಜಿಯಿಂದ 5ಜಿವರೆಗೆ ವಾಹನ ಸಂಪರ್ಕದ ಚರ್ಚೆ

#1 ತುಂಗಾತೀರ

24 ವೋಲ್ಟಿನ ಬಸ್ಸುಗಳಿಗೆ ಎಐಎಸ್-140 (ಸಾರ್ವಜನಿಕ ವಾಹನಗಳ ಸ್ಥಳ ಪತ್ತೆ ಸಾಧನ ಮತ್ತು ತುರ್ತು ಬಟನ್ನಿಗೆ ಇರುವ ನಮ್ಮ ದೇಶದ ಮಾನದಂಡ) ಟ್ರ್ಯಾಕರ್ ಕೊಳ್ಳುವವರು ಏನೇನು ನೋಡಬೇಕು ಅನ್ನುವುದು ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ ತೆರೆದಿದ್ದೇನೆ. ಅಂಗಡಿಯಲ್ಲಿ ಮೂರು ಬಗೆಯವು ಕಾಣುತ್ತವೆ: ಹಳೇ ಸ್ಟಾಕಿನ ಬರೀ 2ಜಿ, 4ಜಿ ಜೊತೆಗೆ 2ಜಿ, ಮತ್ತೆ ಬರೀ 4ಜಿ. ಕೆಲವರು "ಇನ್ನೊಂದು ವರ್ಷ ಕಾಯಿರಿ, 5ಜಿದು ಬರುತ್ತೆ" ಅನ್ನುತ್ತಾರೆ.

ಪ್ರಶ್ನೆಗಳು ಇಷ್ಟು. ಬಸ್ಸು ಹತ್ತು ಹದಿನೈದು ವರ್ಷ ಓಡುವಾಗ ಯಾವ ಮೋಡೆಮ್ ಅಷ್ಟು ದಿನ ಬಾಳುತ್ತದೆ? 3ಜಿ ಟ್ರ್ಯಾಕರುಗಳು 2ಜಿಯವಕ್ಕಿಂತ ಮೊದಲೇ ಕೆಟ್ಟು ಕೂತಿದ್ದು ಯಾಕೆ? ಹಳೇದನ್ನು ಕಿತ್ತು 4ಜಿ ಹಾಕಿದ ಮೇಲೆ, ಸಿಗ್ನಲ್ ಇದ್ದರೂ ಸರ್ವರಿಗೆ ಡೇಟಾ ಹೋಗದ ಗಾಡಿಗಳು ಎಲ್ಲ ಕಡೆ ಇವೆ. ಅದಕ್ಕೆ ಏನು ಕಾರಣ? ಗಾಡಿಯಿಂದ ಗಾಡಿಗೆ ನೇರ ಮಾತಾಡುವ ವಿ2ಎಕ್ಸ್ ಬಗ್ಗೆಯೂ ಗೊತ್ತಿದ್ದವರು ಬರೆಯಿರಿ.

#2 ಹಳೇಮೋಡೆಮ್

ಮೊದಲ ಎರಡು ಪ್ರಶ್ನೆಗೆ ನಾನು.

ಟ್ರ್ಯಾಕರ್ ಕಳಿಸುವ ಒಂದು ಪ್ಯಾಕೆಟ್ಟು ಸುಮಾರು 200 ಬೈಟ್. ಟಿಸಿಪಿ, ಐಪಿ ಹೆಡರು ಮತ್ತು ಮರುಸ್ವೀಕೃತಿ ಸೇರಿಸಿದರೆ 280 ಅಂದುಕೊಳ್ಳಿ. 10 ಸೆಕೆಂಡಿಗೊಂದರಂತೆ ದಿನಕ್ಕೆ 12 ಗಂಟೆ ಓಡಿದರೆ 4,320 ಪ್ಯಾಕೆಟ್, ಅಂದರೆ ಸುಮಾರು 1.2 ಎಂಬಿ. ಎರಡು ಸರ್ವರಿಗೆ ಕಳಿಸಿದರೆ 2.4 ಎಂಬಿ, ತಿಂಗಳಿಗೆ 72 ಎಂಬಿ. ಇಷ್ಟಕ್ಕೆ 2ಜಿಯ ಡೇಟಾ ಸೇವೆಯಾದ ಜಿಪಿಆರ್‌ಎಸ್ ಧಾರಾಳ ಸಾಕು. ಹಾಗಾಗಿ ಟ್ರ್ಯಾಕರ್ ಆರಿಸುವಾಗ ವೇಗದ ಲೆಕ್ಕ ಹಾಕುವುದೇ ತಪ್ಪು. ಆ ನೆಟ್‌ವರ್ಕು ಎಷ್ಟು ದಿನ ಇರುತ್ತದೆ, ಯಾವ ಫ್ರೀಕ್ವೆನ್ಸಿಯಲ್ಲಿ ಇರುತ್ತದೆ ಅನ್ನುವುದೇ ಮುಖ್ಯ.

ಫಿನ್‌ಲ್ಯಾಂಡಿನಲ್ಲಿ ಜಿಎಸ್‌ಎಂ, ಅಂದರೆ 2ಜಿ, ಶುರುವಾಗಿದ್ದು 1991ರ ಜುಲೈನಲ್ಲಿ. ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಕೋಲ್ಕತ್ತಾದಿಂದ ದೆಹಲಿಗೆ. ಜಪಾನಿನಲ್ಲಿ 3ಜಿ ಬಂದಿದ್ದು 2001ರಲ್ಲಿ, ನಮ್ಮಲ್ಲಿ ಸರ್ಕಾರಿ ಕಂಪನಿಗಳ ಮೂಲಕ 2008ರ ಕೊನೆಗೆ. ಸ್ಟಾಕ್‌ಹೋಮ್ ಮತ್ತು ಓಸ್ಲೋದಲ್ಲಿ 4ಜಿ 2009ರ ಡಿಸೆಂಬರಿನಲ್ಲಿ. ನಮ್ಮಲ್ಲಿ 2012ರ ಏಪ್ರಿಲಿನಲ್ಲಿ ಕೋಲ್ಕತ್ತಾ, ಅದರ ಮರುತಿಂಗಳೇ ಬೆಂಗಳೂರು. 5ಜಿ 2022ರ ಅಕ್ಟೋಬರಿನಲ್ಲಿ. ಈ ಸಾಲಿನಲ್ಲಿ ಎಲ್ಲಕ್ಕಿಂತ ಕಮ್ಮಿ ಬಾಳಿದ್ದು 3ಜಿ.

ಅದಕ್ಕೆ ಕಾರಣ ಅದರ ಮೈಯ ಅಳತೆ. ಜಿಎಸ್‌ಎಂನ ಒಂದು ಕ್ಯಾರಿಯರಿಗೆ (ಸಿಗ್ನಲ್ ಹೊರುವ ಒಂದು ಫ್ರೀಕ್ವೆನ್ಸಿ ಪಟ್ಟಿ) 200 ಕಿಲೋಹರ್ಟ್ಸ್ ಸಾಕು. ಆಪರೇಟರ್ ತನ್ನ 2ಜಿಯನ್ನು ಹತ್ತು ಹನ್ನೆರಡು ಕ್ಯಾರಿಯರಿಗೆ ಕುಗ್ಗಿಸಿ ಒಂದು ಮೂಲೆಗೆ ತಳ್ಳಿ, ಮಿಕ್ಕ ಜಾಗವನ್ನು 4ಜಿಗೆ ಕೊಡಬಹುದು. 3ಜಿ ಹಾಗಲ್ಲ, ಒಂದು ಕ್ಯಾರಿಯರ್ ಅಂದರೆ 5 ಮೆಗಾಹರ್ಟ್ಸ್. ಇಟ್ಟರೆ ಇಡೀ ಇಡಬೇಕು, ತೆಗೆದರೆ ಇಡೀ ತೆಗೆಯಬೇಕು. ಅದೇ 5 ಮೆಗಾಹರ್ಟ್ಸಿನಲ್ಲಿ 4ಜಿ ಹೆಚ್ಚು ಕೆಲಸ ಮಾಡುತ್ತದೆ. ಇತ್ತ ಕೀಪ್ಯಾಡ್ ಫೋನು, ಕಾರ್ಡ್ ಉಜ್ಜುವ ಮಷೀನು, ಮೀಟರು ಎಲ್ಲ 2ಜಿ ಮೇಲೆ ಕೂತಿದ್ದವು. ಅದಕ್ಕೇ ನಮ್ಮಲ್ಲಿ ಏರ್‌ಟೆಲ್ 2019ರಲ್ಲಿ ಕೋಲ್ಕತ್ತಾದಿಂದ ಶುರುಮಾಡಿ 3ಜಿ ಮುಚ್ಚಿ, 2ಜಿ ಉಳಿಸಿಕೊಂಡಿತು. ಜರ್ಮನಿಯಲ್ಲೂ ದೊಡ್ಡ ಆಪರೇಟರುಗಳು 2021ರಲ್ಲಿ 3ಜಿ ಮುಚ್ಚಿ 2ಜಿ ಇಟ್ಟುಕೊಂಡರು. ಅಮೆರಿಕದ ಎಟಿ&ಟಿ ಮಾತ್ರ ಉಲ್ಟಾ: 2016ರ ಕೊನೆಗೆ 2ಜಿ ಹೋಯಿತು, 2022ರ ಫೆಬ್ರವರಿ 22ಕ್ಕೆ 3ಜಿ. ಅಲ್ಲಿ 2ಜಿ ಹೋದಾಗ "3ಜಿ ಇದೆಯಲ್ಲ" ಅಂತ ಮೋಡೆಮ್ ಬದಲಿಸಿದ್ದ ಗಾಡಿಗಳಿಗೆ ಐದೇ ವರ್ಷದಲ್ಲಿ ಮತ್ತೆ ಅದೇ ಗತಿ ಬಂತು.

ಜಿಯೋದಲ್ಲಿ 2ಜಿ, 3ಜಿ ಎರಡೂ ಮೊದಲಿಂದಲೇ ಇಲ್ಲ. ಬರೀ 2ಜಿ ಟ್ರ್ಯಾಕರಿಗೆ ಆ ಸಿಮ್ ಹಾಕಿದರೆ ಉಪಯೋಗವಿಲ್ಲ.

ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: 4ಜಿ ಕ್ಯಾಟ್-1 (ಸಣ್ಣ ಸಾಧನಗಳಿಗಿರುವ ಕಡಿಮೆ ವೇಗದ 4ಜಿ ವರ್ಗ) ಮಾಡ್ಯೂಲ್, ಜೊತೆಗೆ 2ಜಿ ಬೆಂಬಲ. ಬರೀ 2ಜಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. 2ಜಿಯಲ್ಲಿ ಮಾತಿನ ಕರೆಗೆ ಮೊದಲ ಮರ್ಯಾದೆ, ಡೇಟಾಕ್ಕೆ ಉಳಿದ ಟೈಮ್‌ಸ್ಲಾಟು. ಸಂಜೆ ಜನ ಫೋನಿನಲ್ಲಿರುವ ಹೊತ್ತಿಗೆ ಸರಿಯಾಗಿ ಪ್ಯಾಕೆಟ್ ತಡವಾಗುವುದು ಅದಕ್ಕೇ.

#3 ಕಾಫಿಸೀಮೆ

ಮೇಲಿನದಕ್ಕೆ ಎರಡು ಮಾತು ಸೇರಿಸುತ್ತೇನೆ.

ಕ್ಯಾಟ್-1 ಅಂತ ಡಬ್ಬಿಯ ಮೇಲೆ ಬರೆದಿದ್ದರೂ ಒಳಗಿರುವುದು ಕ್ಯಾಟ್-1 ಬಿಸ್ ಆಗಿರಬಹುದು, ಕೇಳಿ ನೋಡಿ. ವೇಗ ಎರಡರದ್ದೂ ಒಂದೇ, ಕೆಳಗೆ 10, ಮೇಲೆ 5 ಎಂಬಿಪಿಎಸ್. ಬಿಸ್‌ಗೆ ಒಂದೇ ಆಂಟೆನಾ. ಊರೊಳಗೆ ಓಡುವ ಗಾಡಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಗುಂಬೆ, ಚಾರ್ಮಾಡಿ, ಶಿರಾಡಿ ಕಡೆಯ ದುರ್ಬಲ ಸಿಗ್ನಲಿನಲ್ಲಿ ಎರಡು ಆಂಟೆನಾ ಇದ್ದದ್ದು ಸುಮಾರು 3 ಡೆಸಿಬೆಲ್ ಮುಂದಿರುತ್ತದೆ, ಮರ ಗುಡ್ಡಗಳ ಪ್ರತಿಫಲನ ಜಾಸ್ತಿ ಇದ್ದಲ್ಲಿ ಇನ್ನೂ ಹೆಚ್ಚು. ಘಾಟಿ ಇಳಿಯುವ ಬಸ್ಸಿಗೆ ಎರಡು ಆಂಟೆನಾದ್ದೇ ಕೊಳ್ಳಿ.

ಎರಡನೆಯದು ಬ್ಯಾಂಡ್, ಅಂದರೆ ಸಂಖ್ಯೆ ಕೊಟ್ಟ ಫ್ರೀಕ್ವೆನ್ಸಿ ಪಟ್ಟಿ. ನಮ್ಮ ದೇಶಕ್ಕೆ 1, 3, 5, 8, 40, 41 ಇದ್ದರೆ ಸಾಕು ಅನ್ನುವ ಕಾಲ ಮುಗಿಯಿತು. ಬಿಎಸ್‌ಎನ್‌ಎಲ್ 4ಜಿ 700 ಮತ್ತು 2100 ಮೆಗಾಹರ್ಟ್ಸಿನಲ್ಲಿದೆ. 700 ಅಂದರೆ ಬ್ಯಾಂಡ್ 28. ಮಲೆನಾಡಿನ ಎಷ್ಟೋ ಕಡೆ ಕೈಗೆ ಸಿಗುವುದು ಅದೊಂದೇ ಟವರು, ಅದರಲ್ಲೂ ದೂರಕ್ಕೆ ಮುಟ್ಟುವುದು 700. ಮಾಡ್ಯೂಲಿನ ಪೂರ್ಣ ಮಾಡೆಲ್ ಸಂಖ್ಯೆ ತೆಗೆದುಕೊಂಡು ಡೇಟಾಶೀಟಿನಲ್ಲಿ ಬ್ಯಾಂಡ್ 28 ಇದೆಯೇ ನೋಡಿ. ಒಂದೇ ಹೆಸರಿನ ಮಾಡ್ಯೂಲು ಕೊನೆಯ ಎರಡು ಅಕ್ಷರ ಬದಲಾದರೆ ಬೇರೆ ಖಂಡದ ಬ್ಯಾಂಡಿನದ್ದಾಗಿರುತ್ತದೆ. ಆಂಟೆನಾವೂ ಅಷ್ಟೇ: 700ಕ್ಕೆ ಕಾಲು ತರಂಗ ಅಂದರೆ ಸುಮಾರು 107 ಮಿ.ಮೀ. ಹಳೇ 900/1800ರ ಗಿಡ್ಡ ಆಂಟೆನಾವನ್ನೇ ಉಳಿಸಿಕೊಂಡು ಡಬ್ಬಿ ಮಾತ್ರ ಬದಲಿಸಿದರೆ 28ರ ಲಾಭ ಪೂರ್ತಿ ಸಿಗುವುದಿಲ್ಲ.

ಎನ್‌ಬಿ-ಐಒಟಿ ಟ್ರ್ಯಾಕರ್ ಅಗ್ಗಕ್ಕೆ ಕೊಡುತ್ತೇವೆ ಅಂತ ಬರುವವರಿದ್ದಾರೆ. ಅದು ನೀರಿನ ಮೀಟರಿನಂಥ ನಿಂತಲ್ಲೇ ಇರುವ ಸಾಧನಕ್ಕೆ ಹೇಳಿ ಮಾಡಿಸಿದ ಅಲ್ಪ ಡೇಟಾದ ಮೊಬೈಲ್ ಸಂಪರ್ಕ. ಡೇಟಾ ಕಳಿಸುತ್ತಿರುವಾಗಲೇ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುವ ವ್ಯವಸ್ಥೆ ಅದರಲ್ಲಿಲ್ಲ, ಸಂಪರ್ಕ ಕಡಿದು ಹೊಸದಾಗಿ ಹುಡುಕಬೇಕು. 80 ಕಿ.ಮೀ. ವೇಗದ ಬಸ್ಸಿಗೆ ಅದು ಬೇಡ.

#4 ಸೀರಿಯಲ್ ಪೋರ್ಟ್

ಸಿಗ್ನಲ್ ಇದೆ, ಡೇಟಾ ಇಲ್ಲ ಅನ್ನುವ ಪ್ರಶ್ನೆಗೆ. ಹತ್ತರಲ್ಲಿ ಏಳೆಂಟು ಸಲ ತಪ್ಪಿರುವುದು ರೇಡಿಯೊದಲ್ಲಲ್ಲ, 2ಜಿ ಕಾಲದ ಫರ್ಮ್‌ವೇರನ್ನು (ಸಾಧನದೊಳಗಿನ ಪ್ರೋಗ್ರಾಮು) ಹಾಗೇ 4ಜಿ ಮಾಡ್ಯೂಲಿಗೆ ಕೂರಿಸಿರುವುದರಲ್ಲಿ. ಎಡವುವ ಕಡೆ ಮೂರಿವೆ.

ಒಂದು, ನೋಂದಣಿಯ ಪ್ರಶ್ನೆ. 2ಜಿಯಲ್ಲಿ ಮೋಡೆಮ್ಮಿಗೆ ಎಟಿ+ಸಿಆರ್‌ಇಜಿ ಅನ್ನುವ ಆಜ್ಞೆ ಕೊಟ್ಟು ಕೇಳಿದರೆ ಸಾಕಾಗುತ್ತಿತ್ತು. 4ಜಿಯಲ್ಲಿ ಕೇಳಬೇಕಾದ್ದು ಎಟಿ+ಸಿಇಆರ್‌ಇಜಿ. ಬರೀ ಡೇಟಾಕ್ಕೆ ಕೊಟ್ಟ ಎಂ2ಎಂ (ಯಂತ್ರಗಳಿಗೆ ಕೊಡುವ) ಸಿಮ್ಮಿನಲ್ಲಿ ಮೊದಲನೆಯದು 0 ಅಥವಾ 2 ತೋರಿಸುತ್ತಿದ್ದರೂ ಎರಡನೆಯದು 1 ಇರುತ್ತದೆ, ಅಂದರೆ ಗಾಡಿ ನೆಟ್‌ವರ್ಕಿನಲ್ಲೇ ಇದೆ. ಹಳೇ ಫರ್ಮ್‌ವೇರು ಮೊದಲನೆಯದನ್ನಷ್ಟೇ ನೋಡಿ "ನೆಟ್‌ವರ್ಕ್ ಇಲ್ಲ" ಅಂತ ತಿಳಿದು ಮಾಡ್ಯೂಲನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದರೆ ನೆಟ್‌ವರ್ಕ್ ದೀಪ ಸ್ವಲ್ಪ ಹೊತ್ತು ಮಿನುಗಿ ಆರಿ ಮತ್ತೆ ಮೊದಲಿಂದ ಶುರುವಾಗುತ್ತದೆ.

ಎರಡು, 1 ಮತ್ತು 5. ಉತ್ತರ 1 ಬಂದರೆ ಸ್ವಂತ ನೆಟ್‌ವರ್ಕು, 5 ಬಂದರೆ ರೋಮಿಂಗು. ರೋಮಿಂಗಿನ ಮೇಲೆ ನಡೆಯುವ ಸಿಮ್ಮು 5 ಕೊಡುತ್ತದೆ. 1 ಬಂದರೆ ಮಾತ್ರ ಮುಂದೆ ಹೋಗು ಅಂತ ಬರೆದ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ.

ಮೂರನೆಯದು ಎಪಿಎನ್ (ಡೇಟಾ ಯಾವ ಬಾಗಿಲಿನಿಂದ ಹೋಗಬೇಕು ಅಂತ ಆಪರೇಟರಿಗೆ ಹೇಳುವ ಹೆಸರು), ಇದೇ ಜಾಸ್ತಿ ಕಾಡುವುದು. 2ಜಿಯಲ್ಲಿ ಮೊದಲು ನೆಟ್‌ವರ್ಕಿಗೆ ಸೇರಿಕೊಂಡು ಆಮೇಲೆ ಡೇಟಾ ಸಂಪರ್ಕ ಕೇಳುತ್ತಿದ್ದೆವು. ಎಪಿಎನ್ ತಪ್ಪಿದ್ದರೆ ಎರಡನೇ ಹೆಜ್ಜೆ ಮಾತ್ರ ಸೋಲುತ್ತಿತ್ತು. 4ಜಿಯಲ್ಲಿ ಸೇರಿಕೊಳ್ಳುವಾಗಲೇ ಮೊದಲ ಡೇಟಾ ಸಂಪರ್ಕವೂ ಏಳಬೇಕು. ಎಪಿಎನ್ ತಪ್ಪಿದ್ದರೆ ನೆಟ್‌ವರ್ಕು ಬಾಗಿಲಲ್ಲೇ ತಿರುಗಿಸಿ ಕಳಿಸಬಹುದು, ಆಗ ಸಿಇಆರ್‌ಇಜಿ 2 ಅಥವಾ 3ರಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ಕು ಅದನ್ನು ಸಿಗ್ನಲ್ ತೊಂದರೆ ಅಂದುಕೊಂಡು ಆಂಟೆನಾ ಬದಲಿಸುತ್ತಾ ಕೂರುತ್ತಾರೆ. ಎಟಿ+ಸಿಜಿಡಿಸಿಒಎನ್‌ಟಿ ಕೇಳಿ ಮೊದಲ ಸಾಲಿನ ಎಪಿಎನ್ ಸಿಮ್ ಕೊಟ್ಟವರು ಹೇಳಿದ್ದೇ ಹೌದೋ ಅಂತ ಅಕ್ಷರಕ್ಷರ ಹೋಲಿಸಿ, ತಪ್ಪಿದ್ದರೆ ತಿದ್ದಿ, ರೇಡಿಯೊ ಆಫ್ ಮಾಡಿ ಆನ್ ಮಾಡಿ. ಆಫ್-ಆನ್ ಮಾಡದೆ ಹೊಸ ಎಪಿಎನ್ ಜಾರಿಗೆ ಬರುವುದಿಲ್ಲ.

ಯಾವ ಪೀಳಿಗೆಯ ಮೇಲೆ ನಿಂತಿದೆ ಅಂತ ತಿಳಿಯಲು ಎಟಿ+ಸಿಒಪಿಎಸ್ ಉತ್ತರದ ಕೊನೆಯ ಅಂಕಿ ನೋಡಿ. 0 ಅಂದರೆ ಜಿಎಸ್‌ಎಂ, 2 ಅಂದರೆ 3ಜಿ, 7 ಅಂದರೆ 4ಜಿ. ಸದಾ 0 ಬರುತ್ತಿದ್ದರೆ 4ಜಿಗೆ ದುಡ್ಡು ಕೊಟ್ಟು 2ಜಿ ಓಡಿಸುತ್ತಿದ್ದೀರಿ ಅಂತ ಅರ್ಥ.

#5 ಸರ್ವರ್ ಕೋಣೆ

ಸೀರಿಯಲ್ ಪೋರ್ಟ್ ಅವರ ಪಟ್ಟಿಗೆ ಸರ್ವರ್ ಕಡೆಯ ಎರಡು.

ಗಾಡಿಯಿಂದ ಪ್ಯಾಕೆಟ್ ಬರುತ್ತದೆ, ಆದರೆ ನಾವು ಕಳಿಸಿದ ಆಜ್ಞೆ ಮುಟ್ಟುವುದಿಲ್ಲ ಅನ್ನುವ ದೂರಿಗೆ ಕಾರಣ ಆಪರೇಟರಿನ ನ್ಯಾಟ್. ಸಾರ್ವಜನಿಕ ಎಪಿಎನ್‌ನಲ್ಲಿ ಸಾವಿರಾರು ಸಾಧನಗಳು ಒಂದೇ ಐಪಿ ಹಿಂದೆ ಇರುತ್ತವೆ. ಕೆಲವು ನಿಮಿಷ ಮಾತಿಲ್ಲದಿದ್ದರೆ ಆ ದಾರಿಯನ್ನು ಸದ್ದಿಲ್ಲದೆ ಅಳಿಸಿಬಿಡುತ್ತಾರೆ. ಗಾಡಿ ನಿಂತಾಗ 10 ನಿಮಿಷಕ್ಕೊಂದು ಪ್ಯಾಕೆಟ್ ಇಟ್ಟುಕೊಂಡರೆ ನಡುವೆ ದಾರಿ ಮುಚ್ಚಿರುತ್ತದೆ, ಎರಡೂ ಕಡೆಯವರು ಸಂಪರ್ಕ ಇದೆ ಅಂದುಕೊಂಡಿರುತ್ತಾರೆ. ನಿಂತಾಗಲೂ ಎರಡು ಮೂರು ನಿಮಿಷಕ್ಕೊಂದು ಪುಟ್ಟ ಕೀಪ್‌ಅಲೈವ್ ಇಡಿ, ಇಲ್ಲವೇ ಖಾಸಗಿ ಎಪಿಎನ್ ತೆಗೆದುಕೊಳ್ಳಿ.

ಇನ್ನೊಂದು ಇತಿಹಾಸದ ಪ್ಯಾಕೆಟ್ಟು, ಅಂದರೆ ಸಿಗ್ನಲ್ ಇಲ್ಲದಾಗ ಕೂಡಿಟ್ಟು ಆಮೇಲೆ ಕಳಿಸುವುದು. ಎಐಎಸ್-140 ಪ್ರಕಾರ ಕನಿಷ್ಠ 40,000 ದಾಖಲೆ ಒಳಗೇ ಉಳಿಯಬೇಕು. 5 ಸೆಕೆಂಡಿಗೊಂದರಂತೆ ಅದು 55 ಗಂಟೆ, ಯಾವ ಘಾಟಿಗೂ ಸಾಕು. ತೊಂದರೆ ಬರುವುದು ಸಿಗ್ನಲ್ ಮರಳಿದಾಗ. ಶಿರಾಡಿಯಲ್ಲಿ 25 ನಿಮಿಷ ಮೌನವಿದ್ದ ಬಸ್ಸು 300 ದಾಖಲೆ ಹೊತ್ತು ತರುತ್ತದೆ. ಹಳೇದೆಲ್ಲ ಮೊದಲು, ಹೊಸದು ಆಮೇಲೆ ಅಂತ ಸಾಲಿನಲ್ಲಿ ಕಳಿಸುವ ಸಾಧನವಾದರೆ ಆ ಹೊತ್ತಿನಲ್ಲಿ ತುರ್ತು ಬಟನ್ ಒತ್ತಿದರೂ ಆ ಸಂದೇಶ 300ರ ಹಿಂದೆ ನಿಲ್ಲುತ್ತದೆ. 2ಜಿ ಮೇಲೆ ಇದು ಅರ್ಧ ನಿಮಿಷ ದಾಟುತ್ತದೆ. ತುರ್ತು ಮೊದಲು, ಲೈವ್ ಆಮೇಲೆ, ಇತಿಹಾಸ ಬಿಡುವಿದ್ದಾಗ. ಪ್ಯಾಕೆಟ್ಟಿನಲ್ಲಿ ಎಲ್ (ಲೈವ್), ಎಚ್ (ಇತಿಹಾಸ) ಗುರುತು ಇಟ್ಟಿರುವುದೇ ಅದಕ್ಕೆ. ಕೊಳ್ಳುವ ಮುಂಚೆ ಮಾರುವವರ ಬಾಯಿಂದ ಇದಕ್ಕೆ ನೇರ ಉತ್ತರ ತೆಗೆಸಿ.

ಅಪರೂಪಕ್ಕೆ ಬರುವ ಇನ್ನೊಂದು: ದಿನಾಂಕ 1,024 ವಾರ, ಅಂದರೆ ಸುಮಾರು 19.6 ವರ್ಷ ಹಿಂದಕ್ಕೆ ಹೋದ ಪ್ಯಾಕೆಟ್ಟು. ಅದು ಜಿಪಿಎಸ್ ವಾರದ ಎಣಿಕೆ ಸುತ್ತು ಹೊಡೆದದ್ದು. ಸ್ಥಳ ಸರಿಯಾಗೇ ಇರುತ್ತದೆ, ದಿನಾಂಕ ನೋಡಿ ಸರ್ವರು ಎಸೆಯುತ್ತದೆ. ಫರ್ಮ್‌ವೇರ್ ಹೊಸದು ಹಾಕಿದರೆ ಸರಿಹೋಗುತ್ತದೆ.

#6 ವೈರಿಂಗ್ ಬೆಂಚ್

ಎಲ್ಲರೂ ರೇಡಿಯೊ ಬಗ್ಗೆ ಬರೆಯುತ್ತಿದ್ದೀರಿ. ಬಸ್ಸಿನಲ್ಲಿ ಟ್ರ್ಯಾಕರ್ ಸಾಯುವುದು ಹೆಚ್ಚಾಗಿ ವೈರಿನಿಂದ.

ಬಸ್ಸುಗಳಲ್ಲಿ ಬ್ಯಾಟರಿ ಕಟ್‌ಆಫ್ ಸ್ವಿಚ್ ಇರುತ್ತದೆ, ಡಿಪೋದಲ್ಲಿ ರಾತ್ರಿ ಆಫ್ ಮಾಡುತ್ತಾರೆ. ಟ್ರ್ಯಾಕರಿನ ಕಾಯಂ ಪ್ಲಸ್ಸನ್ನು ಆ ಸ್ವಿಚ್ಚಿನ ಆಚೆ ಕಡೆಯಿಂದ ತೆಗೆದಿದ್ದರೆ ಪ್ರತಿ ರಾತ್ರಿ "ಪವರ್ ಕಿತ್ತಿದ್ದಾರೆ" ಅಲರ್ಟು ಬರುತ್ತದೆ. ಒಳಗಿನ ಬ್ಯಾಟರಿಗೆ ಎಐಎಸ್-140 ಕೇಳುವುದು 4 ಗಂಟೆ. ರಾತ್ರಿ ಹತ್ತಕ್ಕೆ ಆಫ್ ಮಾಡಿದರೆ ಎರಡು ಗಂಟೆ ಹೊತ್ತಿಗೆ ಸಾಧನ ಸತ್ತಿರುತ್ತದೆ. ದಿನಾ ಪೂರ್ತಿ ಖಾಲಿಯಾಗುವ ಲಿಥಿಯಂ ಸೆಲ್ಲು ವರ್ಷ ತುಂಬುವುದರೊಳಗೆ ಬಳಲುತ್ತದೆ.

ಬಳಲಿದ ಸೆಲ್ಲು ಏನು ಮಾಡುತ್ತದೆ ನೋಡಿ. 2ಜಿ ಮೋಡೆಮ್ಮು ಒಂದೇ ಸಮ ಕರೆಂಟ್ ಎಳೆಯುವುದಿಲ್ಲ. 4.615 ಮಿಲಿಸೆಕೆಂಡಿಗೊಮ್ಮೆ 577 ಮೈಕ್ರೋಸೆಕೆಂಡ್ ಮಾತ್ರ ಕೂಗುತ್ತದೆ, ಆ ಕೂಗಿಗೆ 2 ಆಂಪಿಯರ್‌ವರೆಗೂ ಬೇಕು. ಸ್ಪೀಕರಿನ ಹತ್ತಿರ ಫೋನಿಟ್ಟರೆ ಬರುವ ಗುರ್‌ಗುರ್ ಸದ್ದು ಇದೇ, 217 ಹರ್ಟ್ಸ್. ಹಳೇ ಸೆಲ್ಲಿನ ಒಳರೋಧ 0.2 ಓಮ್‌ಗೆ ಏರಿದ್ದರೆ ಪ್ರತಿ ಕೂಗಿಗೂ 0.4 ವೋಲ್ಟ್ ಬೀಳುತ್ತದೆ, 3.7 ಇದ್ದದ್ದು 3.3ಕ್ಕೆ ಬಂದು ಮಾಡ್ಯೂಲ್ ರೀಸ್ಟಾರ್ಟ್ ಆಗುತ್ತದೆ. ಮೋಡೆಮ್ಮು ಪೂರ್ತಿ ಶಕ್ತಿಯಲ್ಲಿ ಕೂಗುವುದು ಟವರ್ ದೂರವಿದ್ದಾಗ. ಹಾಗಾಗಿ ಡಿಪೋದಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಸರಿ, ಕಾಡಿನ ನಡುವೆ ಪವರ್ ಹೋದರೆ ಆಫ್. 4ಜಿಯಲ್ಲಿ ಇಷ್ಟು ಎತ್ತರದ ಕೂಗಿಲ್ಲ, ಹಳೇ ಸೆಲ್ಲಿಗೂ ಸ್ವಲ್ಪ ಉಸಿರು ಸಿಗುತ್ತದೆ.

ಮಾಡಬೇಕಾದ್ದು: ಕಾಯಂ ಪ್ಲಸ್ಸನ್ನು ಕಟ್‌ಆಫ್ ಸ್ವಿಚ್ಚಿನ ಬ್ಯಾಟರಿ ಕಡೆಯಿಂದಲೇ ತೆಗೆಯಿರಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ, ಲಗ್ ಕ್ರಿಂಪ್ ಮಾಡಿ. ವೈರಿಗೆ ವೈರು ಸುತ್ತಿ ಟೇಪ್ ಹಾಕಿದ ಜಾಯಿಂಟು ಇಂಜಿನ್ ಅಲುಗಾಟಕ್ಕೆ ತಡೆಯುವುದಿಲ್ಲ. ಇಗ್ನಿಷನ್ ವೈರನ್ನು ಸ್ಟಾರ್ಟ್ ಹೊಡೆಯುವಾಗಲೂ ಜೀವಂತ ಇರುವ ಪಾಯಿಂಟಿಗೆ ಕೊಡಿ. ಇಲ್ಲದಿದ್ದರೆ ಪ್ರತಿ ಸ್ಟಾರ್ಟಿಗೂ ಒಂದು ಸುಳ್ಳು ಟ್ರಿಪ್ಪು ದಾಖಲಾಗುತ್ತದೆ.

#7 ತುಂಗಾತೀರ

ವೈರಿಂಗ್ ಬೆಂಚ್ ಸರ್, ಕಟ್‌ಆಫ್ ಸ್ವಿಚ್ಚು ಮೈನಸ್ ಕಡೆ ಇದ್ದರೆ? ಆಗ ಟ್ರ್ಯಾಕರಿನ ಮೈನಸ್ಸನ್ನೂ ನೇರ ಬ್ಯಾಟರಿಗೆ ಕೊಟ್ಟರೆ ಸರಿಯಾಗುತ್ತದಲ್ಲವೇ?

#8 ವೈರಿಂಗ್ ಬೆಂಚ್

ಹಾಗೆ ಮಾಡಲೇಬೇಡಿ. ಟ್ರ್ಯಾಕರಿನ ಮೈನಸ್ಸು ನೇರ ಬ್ಯಾಟರಿಗೆ ಹೋಗಿ, ಅದರ ಲೋಹದ ಡಬ್ಬಿಯೋ ಆಂಟೆನಾದ ಬುಡವೋ ಚಾಸಿಸ್ಸಿಗೆ ತಾಗಿದ್ದರೆ ಏನಾಗುತ್ತದೆ ಯೋಚಿಸಿ. ಸ್ವಿಚ್ ಆಫ್ ಇದ್ದಾಗ ಯಾರಾದರೂ ಲೈಟ್ ಹಾಕಿದರೆ ಅಥವಾ ಸ್ಟಾರ್ಟ್ ಹೊಡೆದರೆ ಆ ಕರೆಂಟಿಗೆ ಬ್ಯಾಟರಿಗೆ ಮರಳಲು ಇರುವುದು ಒಂದೇ ದಾರಿ: ಚಾಸಿಸ್, ಆಂಟೆನಾ ಕೇಬಲಿನ ಜಾಲರಿ, ಟ್ರ್ಯಾಕರ್ ಬೋರ್ಡು, ನೀವು ಎಳೆದ ಸಣ್ಣ ಮೈನಸ್ ವೈರು. ಬೋರ್ಡಿನ ತಾಮ್ರದ ಗೆರೆ ಸುಟ್ಟುಹೋಗುತ್ತದೆ, ಕೇಬಲ್ಲಿಗೆ ಬೆಂಕಿ ಹತ್ತಲೂಬಹುದು. ಪ್ಲಸ್ಸಿನ ಫ್ಯೂಸು ಇದನ್ನು ತಡೆಯುವುದಿಲ್ಲ, ಆ ಕರೆಂಟು ಅದರ ಮೂಲಕ ಹಾದುಹೋಗುವುದೇ ಇಲ್ಲ.

ಮೈನಸ್ ಕಡೆ ಸ್ವಿಚ್ ಇರುವ ಬಸ್ಸಿಗೆ ಮೈನಸ್ಸನ್ನು ಚಾಸಿಸ್ಸಿಗೇ ಕೊಟ್ಟು ರಾತ್ರಿಯ ಪವರ್ ಅಲರ್ಟನ್ನು ಸರ್ವರಿನಲ್ಲಿ ಡಿಪೋ ಎಲ್ಲೆ ನೋಡಿ ಬೇರೆಯಾಗಿ ತೋರಿಸಿ. ಅಥವಾ ಗಾಡಿ ತಯಾರಕರ ವೈರಿಂಗ್ ನಕ್ಷೆಯಲ್ಲಿ ಟ್ಯಾಕೋಗ್ರಾಫಿನಂಥ (ವೇಗ, ದೂರ ಬರೆದಿಡುವ ಯಂತ್ರ) ಕಾಯಂ ಸಾಧನಕ್ಕೆ ಸ್ವಿಚ್ ತಪ್ಪಿಸಿ ಕೊಟ್ಟ ಪಾಯಿಂಟ್ ಇದೆಯೇ ನೋಡಿ, ಇದ್ದರೆ ಅದನ್ನೇ ಬಳಸಿ.

#9 ಇಸಾರ್ ದಂಡೆ

ನಮಸ್ಕಾರ. ಜರ್ಮನಿಯಲ್ಲಿ ಕಾರಿನ ಟೆಲಿಮ್ಯಾಟಿಕ್ಸ್ ಕೆಲಸ. ಮೇಲಿನ "ನೆಟ್‌ವರ್ಕಿನ ಆಯಸ್ಸು" ವಿಷಯಕ್ಕೆ ಇಲ್ಲಿನ ಇ-ಕಾಲ್ ಒಳ್ಳೇ ಉದಾಹರಣೆ.

2018ರ ಮಾರ್ಚ್ 31ರ ನಂತರ ಐರೋಪ್ಯ ಒಕ್ಕೂಟದಲ್ಲಿ ಅನುಮೋದನೆ ಪಡೆಯುವ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಕಾರು ತಾನೇ 112ಕ್ಕೆ ಕರೆ ಮಾಡುತ್ತದೆ. ಜೊತೆಗೆ 140 ಬೈಟಿನ ಒಂದು ಕಟ್ಟು ಕಳಿಸುತ್ತದೆ: ಸಮಯ, ಸ್ಥಳ, ಯಾವ ದಿಕ್ಕಿಗೆ ಹೋಗುತ್ತಿತ್ತು, ಗಾಡಿಯ ಗುರುತು ಸಂಖ್ಯೆ, ಇಂಧನ ಯಾವುದು, ಕರೆ ತಾನಾಗಿ ಹೋಯಿತೋ ಯಾರಾದರೂ ಬಟನ್ ಒತ್ತಿದರೋ.

ಆ 140 ಬೈಟು ಡೇಟಾ ಸಂಪರ್ಕದಲ್ಲಿ ಹೋಗುವುದಿಲ್ಲ. ಮಾತಿನ ಕರೆಯೊಳಗೇ ಸದ್ದಾಗಿ ಹೋಗುತ್ತದೆ, ಹಳೇ ಫ್ಯಾಕ್ಸ್ ಮಷೀನಿನ ಹಾಗೆ. ವಿನ್ಯಾಸ ಮಾಡಿದಾಗ ಅದು ಸರಿಯಾದ ಯೋಚನೆಯೇ: ತುರ್ತು ಕರೆಗೆ ಎಲ್ಲ ದೇಶದ ಎಲ್ಲ ನೆಟ್‌ವರ್ಕಿನಲ್ಲೂ ಆದ್ಯತೆ, ಡೇಟಾಕ್ಕೆ ಆ ಭಾಗ್ಯವಿಲ್ಲ. ಆದರೆ ಆ ಸದ್ದಿನ ಲೆಕ್ಕಾಚಾರವೆಲ್ಲ 2ಜಿ, 3ಜಿಯ ಸರ್ಕ್ಯೂಟ್ ಕರೆಗೆ ಹೊಂದಿಸಿದ್ದು. 4ಜಿಯಲ್ಲಿ ಮಾತೂ ಪ್ಯಾಕೆಟ್ಟಾಗಿ ಹೋಗುತ್ತದೆ. ಪ್ಯಾಕೆಟ್ ಮುಂಚೆ ಬಂದರೆ, ತಡವಾದರೆ ಫೋನು ಮಾತನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ಸರಿದೂಗಿಸುತ್ತದೆ. ಮನುಷ್ಯನ ಕಿವಿಗೆ ಗೊತ್ತಾಗುವುದಿಲ್ಲ, ಆ ಸದ್ದಿನ ಮೋಡೆಮ್ಮಿಗೆ ಮಾತ್ರ ತಾಳ ತಪ್ಪುತ್ತದೆ.

ಹೊಸ ಪೀಳಿಗೆಯ ಇ-ಕಾಲ್‌ನಲ್ಲಿ 140 ಬೈಟು ಕರೆ ಕೂಡಿಸುವ ಸಂದೇಶದೊಳಗೇ ಹೋಗುತ್ತದೆ, ಸದ್ದಿಲ್ಲ. 2026ರ ಜನವರಿ 1ರಿಂದ ಹೊಸ ಮಾದರಿಗಳಿಗೆ ಇದು ಕಡ್ಡಾಯ. ಆದರೆ 2018ರಿಂದ ಇಲ್ಲಿವರೆಗೆ ರಸ್ತೆಗಿಳಿದ ಕಾರುಗಳು 2ಜಿ ಮುಚ್ಚಿದ ದಿನ ಏನು ಮಾಡಬೇಕು? ಮಾಡ್ಯೂಲು ಕಾರಿನೊಳಗೆ ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ, ಕಾರಿನ ಜೊತೆಗೇ ಅನುಮೋದನೆ ಪಡೆದದ್ದು, ಅಂಗಡಿಯಲ್ಲಿ ಬದಲಿಸುವಂಥದ್ದಲ್ಲ. ಪ್ರಾಣ ಉಳಿಸುವ ಸೌಲಭ್ಯವನ್ನು ಒಂದು ಪೀಳಿಗೆಯ ನೆಟ್‌ವರ್ಕಿಗೆ ಬಿಗಿದು ಕಟ್ಟಿದ್ದರ ಫಲ ಇದು. ನಮ್ಮ ಕಡೆ ತುರ್ತು ಬಟನ್ನಿನ ಸಂದೇಶ ಡೇಟಾ ಪ್ಯಾಕೆಟ್ಟಾಗಿ ಹೋಗುತ್ತದೆ, ಆಗದಿದ್ದರೆ ಎಸ್‌ಎಂಎಸ್. ಆ ಮಟ್ಟಿಗೆ ಅದು ಜಾಣ ಆಯ್ಕೆ. ಒಂದೇ ಎಚ್ಚರ: 4ಜಿ ಮಾತ್ರ ಇರುವ ನೆಟ್‌ವರ್ಕಿನಲ್ಲಿ ಎಸ್‌ಎಂಎಸ್ ನಿಜಕ್ಕೂ ಹೋಗುತ್ತದೆಯೇ, ಮಾಡ್ಯೂಲು ಐಎಂಎಸ್‌ಗೆ (4ಜಿಯಲ್ಲಿ ಕರೆ, ಎಸ್‌ಎಂಎಸ್ ಸಾಗಿಸುವ ವ್ಯವಸ್ಥೆ) ನೋಂದಾಯಿಸಿಕೊಂಡಿದೆಯೇ ಅಂತ ಡೇಟಾ ಕತ್ತರಿಸಿ ಪರೀಕ್ಷಿಸಿ.

#10 ಕಾಫಿಸೀಮೆ

ಗಾಡಿಯಿಂದ ಗಾಡಿಗೆ ಅನ್ನುವ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ಮೊದಲೇ ಒಂದು ಗೊಂದಲ ಬಿಡಿಸುತ್ತೇನೆ. ಫಾಸ್ಟ್‌ಟ್ಯಾಗ್ ವಿ2ಎಕ್ಸ್ ಅಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ, ಟೋಲಿನ ರೀಡರು 865–867 ಮೆಗಾಹರ್ಟ್ಸಿನಲ್ಲಿ ಎಸೆದ ಶಕ್ತಿಯಿಂದಲೇ ಎದ್ದು ತನ್ನ ಸಂಖ್ಯೆ ಹೇಳಿ ಮಲಗುತ್ತದೆ. ಯುರೋಪಿನ ಟೋಲಿನಲ್ಲಿ 5.8 ಗಿಗಾಹರ್ಟ್ಸಿನ ಡಿಎಸ್‌ಆರ್‌ಸಿ (ಹತ್ತಿರದ ಸಾಧನಗಳ ನಡುವಿನ ನೇರ ರೇಡಿಯೊ) ಅಂತ ಒಂದಿದೆ, ಅಮೆರಿಕದ 5.9ರ ಡಿಎಸ್‌ಆರ್‌ಸಿಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ.

#11 ಇಸಾರ್ ದಂಡೆ

ಹಾಗಾದರೆ ನಾನೇ ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಟವರ್ ಮೂಲಕ ಹೋಗಿ ಬರುವ ಸಂದೇಶಕ್ಕೆ 4ಜಿಯಲ್ಲಿ ಹತ್ತಾರು ಮಿಲಿಸೆಕೆಂಡ್ ಬೇಕು, ಟವರೇ ಇಲ್ಲದಲ್ಲಿ ಸಂದೇಶವೇ ಇಲ್ಲ. ತಿರುವಿನಾಚೆಯ ಲಾರಿ ಬ್ರೇಕ್ ಹಾಕಿದ್ದು ಹಿಂದಿನ ಕಾರಿಗೆ ತಿಳಿಯಬೇಕಾದರೆ ನೇರ ಮಾತೇ ಬೇಕು. ಅದಕ್ಕಾಗಿ ಅಮೆರಿಕದ ರೇಡಿಯೊ ನಿಯಂತ್ರಕ ಎಫ್‌ಸಿಸಿ 1999ರಲ್ಲೇ 5.9 ಗಿಗಾಹರ್ಟ್ಸಿನಲ್ಲಿ 75 ಮೆಗಾಹರ್ಟ್ಸ್ ತೆಗೆದಿಟ್ಟಿತು. ಅದರ ಮೇಲೆ ಬಂದಿದ್ದು ವೈಫೈ ಕುಟುಂಬದ 802.11ಪಿ, 2010ರಲ್ಲಿ; ಅಮೆರಿಕದ ಡಿಎಸ್‌ಆರ್‌ಸಿ ಅಂದರೆ ಇದೇ. ಪಾಸ್‌ವರ್ಡು, ಜೋಡಣೆ ಏನೂ ಇಲ್ಲ. ಪ್ರತಿ ಗಾಡಿ ಸೆಕೆಂಡಿಗೆ 10 ಸಲದವರೆಗೆ "ನಾನು ಇಲ್ಲಿದ್ದೇನೆ, ಇಷ್ಟು ವೇಗ, ಈ ದಿಕ್ಕು" ಅಂತ ಕೂಗುತ್ತದೆ. 100 ಕಿ.ಮೀ. ವೇಗದಲ್ಲಿ ಎರಡು ಕೂಗಿನ ನಡುವೆ ಗಾಡಿ 2.8 ಮೀಟರ್ ಸರಿದಿರುತ್ತದೆ.

ಆಮೇಲೆ ಮೊಬೈಲ್ ಲೋಕದವರು ತಮ್ಮದೇ ದಾರಿ ತಂದರು. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿಯ 14ನೇ ಆವೃತ್ತಿ, 2017. ಹೆಸರು ಎಲ್‌ಟಿಇ ವಿ2ಎಕ್ಸ್ (ಎಲ್‌ಟಿಇ ಅಂದರೆ 4ಜಿ). ಟವರ್ ಇಲ್ಲದೆಯೂ ಪಿಸಿ5 ಅನ್ನುವ ಪಕ್ಕದಾರಿಯಲ್ಲಿ ಗಾಡಿಗಳು ಮಾತಾಡುತ್ತವೆ. ಸಿಮ್ ಬೇಡ, ಚಂದಾ ಬೇಡ.

ಎರಡರ ಸ್ವಭಾವ ಬೇರೆ. 802.11ಪಿ ಗಾಡಿ ಮಾತಾಡುವ ಮುಂಚೆ ಕಿವಿಗೊಡುತ್ತದೆ, ಯಾರೂ ಮಾತಾಡುತ್ತಿಲ್ಲ ಅಂದರೆ ಮಾತಾಡುತ್ತದೆ. ಜನ ಕಮ್ಮಿ ಇದ್ದಾಗ ಚೆನ್ನ, ಜಾತ್ರೆಯಲ್ಲಿ ಕಷ್ಟ. ಎಲ್‌ಟಿಇ ವಿ2ಎಕ್ಸ್ ನಮ್ಮ ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮ್ ಇದ್ದ ಹಾಗೆ. ಹಿಂದಿನ 1 ಸೆಕೆಂಡಿನಲ್ಲಿ ಯಾವ ಪ್ಲಾಟ್‌ಫಾರ್ಮಿಗೆ ಯಾವ ಹೊತ್ತಿಗೆ ಬಸ್ಸು ಬಂತು ಅಂತ ನೋಡಿಕೊಂಡು, ಖಾಲಿ ಕಂಡ ಹೊತ್ತನ್ನು ತನ್ನದಾಗಿಸಿಕೊಂಡು, ಮುಂದಿನ ಹಲವು ಸುತ್ತು ಅದೇ ಹೊತ್ತಿಗೆ ಬರುತ್ತದೆ. ಕೋಡಿಂಗ್ ಉತ್ತಮ, ಅದೇ ಸಂದೇಶವನ್ನು ಎರಡು ಸಲ ಕಳಿಸಲೂ ಬರುತ್ತದೆ, ಹಾಗಾಗಿ ಅಡ್ಡ ಕಟ್ಟಡವಿದ್ದರೂ ಸ್ವಲ್ಪ ಹೆಚ್ಚು ದೂರ ಮುಟ್ಟುತ್ತದೆ.

ಇದರ ಕೊರತೆಯನ್ನು ಮಾರಾಟದ ಕಾಗದಗಳು ಹೇಳುವುದಿಲ್ಲ. ಎರಡು ಗಾಡಿ ಗೊತ್ತಿಲ್ಲದೆ ಒಂದೇ ಹೊತ್ತನ್ನು ಆರಿಸಿಕೊಂಡರೆ ಅವುಗಳ ಸಂದೇಶಗಳಿಗೆ ಒಂದು ಸಲವಲ್ಲ, ಸಾಲಾಗಿ ಡಿಕ್ಕಿ. ತಾನು ಕೂಗುವಾಗ ಇನ್ನೊಂದರ ಕೂಗು ಕೇಳಿಸದ್ದರಿಂದ ಆ ಎರಡಕ್ಕೂ ಇದು ಗೊತ್ತೂ ಆಗುವುದಿಲ್ಲ. ಎಷ್ಟು ಸುತ್ತು ಅದೇ ಹೊತ್ತನ್ನು ಹಿಡಿದಿರಬೇಕು ಅನ್ನುವ ಎಣಿಕೆ 100 ಮಿಲಿಸೆಕೆಂಡಿನ ಸುತ್ತಿಗೆ 5ರಿಂದ 15ರವರೆಗೆ ಯಾದೃಚ್ಛಿಕ, ಅಂದರೆ ಅರ್ಧದಿಂದ ಒಂದೂವರೆ ಸೆಕೆಂಡ್. ಎಣಿಕೆ ಮುಗಿದರೂ ಹಳೇ ಜಾಗವನ್ನೇ ಉಳಿಸಿಕೊಳ್ಳುವ ಸಂಭವನೀಯತೆಯನ್ನು 0.8ರವರೆಗೆ ಇಡಬಹುದು. ಒಂದೂವರೆ ಸೆಕೆಂಡಿಗೆ 100 ಕಿ.ಮೀ. ವೇಗದ ಕಾರು ಸುಮಾರು 42 ಮೀಟರ್ ಮುಂದೆ ಬಂದಿರುತ್ತದೆ. ಆ ಸಂಭವನೀಯತೆಯನ್ನು ಕೆಳಗೆ ಇಟ್ಟರೆ ಸಾಲು ಡಿಕ್ಕಿ ಬೇಗ ಬಿಡುತ್ತದೆ, ಆದರೆ ಎಲ್ಲರೂ ಪದೇ ಪದೇ ಜಾಗ ಬದಲಿಸಿ ಬೇರೆಯವರ ಲೆಕ್ಕ ಕೆಡುತ್ತದೆ. ಪರೀಕ್ಷೆಯಲ್ಲಿ ಸರಾಸರಿ ಎಷ್ಟು ಪ್ಯಾಕೆಟ್ ಮುಟ್ಟಿತು ಅಂತ ನೋಡುವುದಕ್ಕಿಂತ, ಒಂದು ಗಾಡಿಯಿಂದ ಅತಿ ದೀರ್ಘ ಮೌನ ಎಷ್ಟು ಅಂತ ನೋಡುವುದು ಸರಿ.

ಇನ್ನೊಂದು ಅವಲಂಬನೆ ಸಮಯ. ಪಿಸಿ5ಗೆ ಎಲ್ಲರ ಗಡಿಯಾರವೂ ಉಪಗ್ರಹಕ್ಕೆ ಹೊಂದಿರಬೇಕು. ಉದ್ದದ ಸುರಂಗದಲ್ಲಿ ಪಕ್ಕದ ಗಾಡಿಯ ಗಡಿಯಾರ ನೋಡಿ ಹೊಂದಿಸಿಕೊಳ್ಳುವ ವ್ಯವಸ್ಥೆ ಇದೆ, ಆದರೂ ಅದು ನಾಜೂಕು. 802.11ಪಿಗೆ ಈ ಗೊಡವೆ ಇಲ್ಲ.

16ನೇ ಆವೃತ್ತಿಯಲ್ಲಿ, 2020ರಲ್ಲಿ, 5ಜಿಯ ಪಕ್ಕದಾರಿ ಬಂತು. ಒಬ್ಬರಿಗೊಬ್ಬರು ಮಾತಾಡಿ "ಮುಟ್ಟಿತು" ಅಂತ ಉತ್ತರ ಪಡೆಯಬಹುದು. ಆದರೆ ಗಾಳಿಯಲ್ಲಿ ಅದು ಎಲ್‌ಟಿಇ ವಿ2ಎಕ್ಸ್ ಜೊತೆ ಮಾತಾಡುವುದಿಲ್ಲ. ಎರಡೂ ಬೇಕಾದರೆ ಎರಡು ರೇಡಿಯೊ ಬೇಕು.

ದೇಶಗಳು ಚದುರಿದವು. ಜಪಾನ್ 2015ರಿಂದ 760 ಮೆಗಾಹರ್ಟ್ಸಿನಲ್ಲಿ ತನ್ನದೇ ವ್ಯವಸ್ಥೆ ನಡೆಸುತ್ತಿದೆ. ಚೀನಾ 2018ರಲ್ಲಿ 5905–5925 ಅನ್ನು ಎಲ್‌ಟಿಇ ವಿ2ಎಕ್ಸ್‌ಗೆ ಕೊಟ್ಟಿತು. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ಎಂಟನೇ ಪೀಳಿಗೆಯ ಗಾಲ್ಫ್ ಕಾರಿಗೆ 802.11ಪಿ ಹಾಕಿತು. ಅಮೆರಿಕ 2020ರ ನವೆಂಬರಿನಲ್ಲಿ ಕೆಳಗಿನ 45 ಮೆಗಾಹರ್ಟ್ಸನ್ನು ವೈಫೈಗೆ ಬಿಟ್ಟು, ಮೇಲಿನ 30 ಮಾತ್ರ ವಾಹನಗಳಿಗೆ ಉಳಿಸಿತು. 2024ರ ನವೆಂಬರಿನ ಅಂತಿಮ ನಿಯಮ ಡಿಎಸ್‌ಆರ್‌ಸಿಗೆ ಎರಡು ವರ್ಷದ ಗಡುವು ಕೊಟ್ಟಿತು. ಇಪ್ಪತ್ತೈದು ವರ್ಷ ಜಾಗ ಹಿಡಿದಿಟ್ಟುಕೊಂಡ ತಂತ್ರಜ್ಞಾನ ರಸ್ತೆ ತುಂಬುವ ಮೊದಲೇ ಹೋಯಿತು. ಗಾಡಿಗಳು ಒಂದೇ ಭಾಷೆ ಆಡದಿದ್ದರೆ ಕೂಗಿ ಏನು ಫಲ? ನನಗೆ ಬೇಸರ ತರಿಸುವುದು ಇದೇ.

#12 ಹಳೇಮೋಡೆಮ್

ಇಸಾರ್ ದಂಡೆ ಅವರೇ, ತುಂಬಾ ಸ್ಪಷ್ಟವಾಗಿ ಬರೆದಿದ್ದೀರಿ. ರೇಡಿಯೊ ಕಡೆಯಿಂದ ಒಂದು ಲೆಕ್ಕ ಸೇರಿಸುತ್ತೇನೆ. ಎದುರುಬದುರು 100 ಕಿ.ಮೀ. ವೇಗದಲ್ಲಿ ಬರುವ ಎರಡು ಗಾಡಿಗಳಿಗೆ 5.9 ಗಿಗಾಹರ್ಟ್ಸಿನಲ್ಲಿ ಡಾಪ್ಲರ್ ಸರಿತ (ಓಟದಿಂದ ಸಿಗ್ನಲಿನ ಫ್ರೀಕ್ವೆನ್ಸಿ ಜರುಗುವುದು) ಸುಮಾರು 1.1 ಕಿಲೋಹರ್ಟ್ಸ್. 802.11ಪಿಯ ಉಪವಾಹಕಗಳ (ಡೇಟಾ ಹಂಚಿಕೊಂಡು ಒಯ್ಯುವ ಸಣ್ಣ ಪಟ್ಟಿಗಳು) ಅಂತರ 156 ಕಿಲೋಹರ್ಟ್ಸ್, ಅದಕ್ಕೆ ಇದು ಲೆಕ್ಕಕ್ಕಿಲ್ಲ. ಎಲ್‌ಟಿಇಯಲ್ಲಿ ಅಂತರ 15, ಅದರಲ್ಲಿ 1.1 ಅಂದರೆ ನೂರಕ್ಕೆ ಏಳು. ಅದಕ್ಕೇ ವಿ2ಎಕ್ಸ್‌ನಲ್ಲಿ ಒಂದು ಮಿಲಿಸೆಕೆಂಡಿನ ಚೌಕಟ್ಟಿಗೆ ಎರಡರ ಬದಲು ನಾಲ್ಕು ಉಲ್ಲೇಖ ಸಂಕೇತ ಹಾಕಿದರು.

ಆಂಟೆನಾ ಕೂರಿಸುವವರಿಗೂ ಒಂದು ಮಾತು. ಟ್ರ್ಯಾಕರಿನ ಜೊತೆ ಬರುವ ತೆಳು ಆರ್‌ಜಿ-174 ಕೇಬಲ್ 1 ಗಿಗಾಹರ್ಟ್ಸಿನಲ್ಲಿ ಮೀಟರಿಗೆ ಸುಮಾರು 1 ಡೆಸಿಬೆಲ್ ತಿನ್ನುತ್ತದೆ, 5.9ರಲ್ಲಿ ಸುಮಾರು 3. ಛಾವಣಿಯಿಂದ ಡ್ಯಾಶ್‌ಬೋರ್ಡಿಗೆ 3 ಮೀಟರ್ ಎಳೆದರೆ 9 ಡೆಸಿಬೆಲ್, ಎಂಟರಲ್ಲಿ ಒಂದು ಪಾಲು ಶಕ್ತಿ ಮಾತ್ರ ಮೇಲೆ ಮುಟ್ಟುತ್ತದೆ. ವಿ2ಎಕ್ಸ್ ರೇಡಿಯೊವನ್ನು ಛಾವಣಿಯ ಆಂಟೆನಾದ ಬುಡದಲ್ಲೇ ಇಡುವುದು ಇದಕ್ಕೆ.

#13 ತುಂಗಾತೀರ

ಎಲ್ಲರಿಗೂ ಧನ್ಯವಾದ. ಉಳಿದಿರುವುದು 5ಜಿಗೆ ಕಾಯಬೇಕೇ ಅನ್ನುವುದು, ಮತ್ತೆ ಸಾಧನ ಕೂರಿಸಿದ ಮೇಲೆ ಒಪ್ಪಿಕೊಳ್ಳುವ ಮುಂಚೆ ಏನು ಪರೀಕ್ಷೆ ಮಾಡಬೇಕು ಅನ್ನುವುದು.

#14 ಕಾಫಿಸೀಮೆ

ಟ್ರ್ಯಾಕರಿಗಾಗಿ ಕಾಯಬೇಡಿ. ಕಡಿಮೆ ಶಕ್ತಿಯ ಸಾಧನಗಳಿಗೆ 17ನೇ ಆವೃತ್ತಿಯಲ್ಲಿ ಬಂದ ರೆಡ್‌ಕ್ಯಾಪ್ 5ಜಿ ಸ್ವತಂತ್ರ ಜಾಲದ ಮೇಲೆ ಮಾತ್ರ ನಡೆಯುತ್ತದೆ. 4ಜಿ ಬೆನ್ನ ಮೇಲೆ ಕೂತ 5ಜಿ ಇರುವ ಕಡೆ ಅದಕ್ಕೆ ಕೆಲಸವಿಲ್ಲ. 200 ಬೈಟಿನ ಪ್ಯಾಕೆಟ್ಟಿಗೆ ಅದರಿಂದ ಆಗಬೇಕಾದ್ದೂ ಇಲ್ಲ. ಬಸ್ಸಿನೊಳಗೆ ನಾಲ್ಕು ಕ್ಯಾಮೆರಾದ ಚಿತ್ರ ಲೈವ್ ಬೇಕು ಅಂದರೆ ಮಾತು ಬೇರೆ. 1 ಮಿಲಿಸೆಕೆಂಡ್ ಅಂತ ಜಾಹೀರಾತಿನಲ್ಲಿ ಬರುವುದು ರೇಡಿಯೊ ಭಾಗಕ್ಕೆ ಇಟ್ಟುಕೊಂಡ ಗುರಿ, ಸಾರ್ವಜನಿಕ ಜಾಲದಲ್ಲಿ ಸರ್ವರ್‌ವರೆಗೆ ಹೋಗಿ ಬರುವ ಸಮಯವಲ್ಲ.

ಸಾಧನವನ್ನು ಬದಲಿಸಲು ಸುಲಭವಾಗುವಂತೆ ಕೂರಿಸಿ: ವೈರಿಂಗನ್ನು ಒಂದು ಗಟ್ಟಿ ಕನೆಕ್ಟರಿಗೆ ತಂದು ನಿಲ್ಲಿಸಿ, ಯಾವ ಪಿನ್ ಯಾವುದು ಅಂತ ಲೇಬಲ್ ಅಂಟಿಸಿ. ಹತ್ತು ವರ್ಷದ ಮೇಲೆ ಡಬ್ಬಿ ಬದಲಿಸಿದರೂ ವೈರು ಉಳಿಯುತ್ತದೆ.

#15 ಸೀರಿಯಲ್ ಪೋರ್ಟ್

ಪರೀಕ್ಷೆಗೆ, ಒಂದು ಬಸ್ಸಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಸಿಗ್ನಲ್ ನೋಡುವಾಗ ಎಟಿ+ಸಿಎಸ್‌ಕ್ಯೂ ಒಂದನ್ನೇ ನಂಬಬೇಡಿ. ಅದರ ಅಂಕಿಯನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ; 10 ಬಂದರೆ ಮೈನಸ್ 93. ಆದರೆ ಅದರಲ್ಲಿ ಪಕ್ಕದ ಟವರುಗಳ ಗದ್ದಲವೂ ಸೇರಿರುತ್ತದೆ. 4ಜಿಯಲ್ಲಿ ಆರ್‌ಎಸ್‌ಆರ್‌ಪಿ (ನಮ್ಮ ಟವರಿನ ಸಿಗ್ನಲ್ ಬಲ), ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ) ಎರಡೂ ನೋಡಿ. ಆರ್‌ಎಸ್‌ಆರ್‌ಪಿ ಮೈನಸ್ 110ಕ್ಕಿಂತ ಕೆಳಗಿದ್ದರೆ ದುರ್ಬಲ. ಅದು ಚೆನ್ನಾಗಿದ್ದು ಎಸ್‌ಐಎನ್‌ಆರ್ ಸೊನ್ನೆಗಿಂತ ಕೆಳಗಿದ್ದರೆ ಗದ್ದಲ; ಹತ್ತಿರದ ಅಗ್ಗದ ಮೊಬೈಲ್ ಚಾರ್ಜರ್, ಎಲ್‌ಇಡಿ ಲೈಟಿನ ಡ್ರೈವರ್ ಒಂದೊಂದಾಗಿ ಆಫ್ ಮಾಡಿ ನೋಡಿ.

ಜಿಪಿಎಸ್‌ನಂಥ ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್ ಬರುತ್ತಿದೆಯೇ ನೋಡಿ. ಅದರ ಮೂಲ ಸಿಗ್ನಲ್ ಎಲ್5, 1176.45 ಮೆಗಾಹರ್ಟ್ಸಿನಲ್ಲಿ. 1575.42ರ ಸಾದಾ ಜಿಪಿಎಸ್ ಆಂಟೆನಾ ಅದನ್ನು ಹಿಡಿಯುವುದಿಲ್ಲ. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01ರಿಂದ ಎಲ್1 ಸಿಗ್ನಲ್ ಸೇರಿದೆ, ಆದರೆ ಅದೊಂದನ್ನೇ ನೆಚ್ಚಿ ಎಲ್5 ಬಿಡಬೇಡಿ.

ಮೊಬೈಲ್ ಸಿಗ್ನಲಿನ ಆಂಟೆನಾ ಕಿತ್ತು ಹತ್ತು ನಿಮಿಷ ಬಸ್ಸು ಓಡಿಸಿ, ಮತ್ತೆ ಹಾಕಿ, ತಕ್ಷಣ ತುರ್ತು ಬಟನ್ ಒತ್ತಿ. ತುರ್ತು ಸಂದೇಶ ಇತಿಹಾಸದ ಪ್ಯಾಕೆಟ್ಟುಗಳಿಗಿಂತ ಮುಂಚೆ ಸರ್ವರಿಗೆ ಬಂತೇ ಅಂತ ಸಮಯ ನೋಡಿ ಬರೆದಿಟ್ಟುಕೊಳ್ಳಿ.

ಕೊನೆಗೆ ಬಟನ್ನಿನ ವೈರು. ಎಐಎಸ್-140ರಲ್ಲಿ ತುರ್ತು ಬಟನ್ ಸದಾ ಮುಚ್ಚಿರುವ ಬಗೆಯದು, ಒತ್ತಿದರೆ ಸರ್ಕ್ಯೂಟ್ ತೆರೆದುಕೊಳ್ಳುತ್ತದೆ. ವೈರು ತುಂಡಾದರೂ ಗೊತ್ತಾಗಲಿ ಅಂತಲೇ ಹೀಗೆ. ಆದರೆ ಸುಳ್ಳು ಅಲರ್ಟಿನ ಕಾಟಕ್ಕೆ ಕೆಲವರು ಕನೆಕ್ಟರಿನ ಹತ್ತಿರವೇ ಎರಡು ವೈರು ಸೇರಿಸಿ ಶಾರ್ಟ್ ಮಾಡಿಬಿಟ್ಟಿರುತ್ತಾರೆ. ಆಗ ಸರ್ವರಿನಲ್ಲಿ ಎಲ್ಲ ಬಟನ್ನೂ ಚೆನ್ನಾಗಿರುವಂತೆ ಕಾಣುತ್ತದೆ, ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಸಾಲಿನ ಕೊನೆಯ ಸೀಟಿನವರೆಗೂ ಪ್ರತಿಯೊಂದು ಬಟನ್ನನ್ನು ಕೈಯಾರೆ ಒತ್ತಿ, ಪ್ರತಿಯೊಂದಕ್ಕೂ ಸರ್ವರಿನಲ್ಲಿ ಸಾಲು ಬಂದದ್ದನ್ನು ನೋಡಿದ ಮೇಲೆಯೇ ಸಹಿ ಹಾಕಿ.